ಹೊರುವ ಹೆಗಲು ಯಾರದು? – ಸಾವನ್ನು ಕುರಿತ ಕೆಲವು ಹಳೆಯ ಚಿತ್ರಗಳು



ಸಿರಸಂಗಿಯಂಥ ನಮ್ಮ ಊರುಗಳಲ್ಲಿ ಯಾರಾದರೂ ತೀರಿಕೊಂಡಾಗ ‘ಅಂತ್ಯಕ್ರಿಯೆಗೆ ಹೋಗುತ್ತೇನೆ’ ಎಂದು ಹೇಳುವವರು ಕಡಿಮೆ. ‘ಮಣ್ಣಿಗೆ ಹೋಗಿ ಬರತೇನಿ’ ಎನ್ನುತ್ತಾರೆ. ಸವದತ್ತಿ, ಬೈಲಹೊಂಗಲ, ರಾಮದುರ್ಗದ ಕಡೆಯ ನಮ್ಮ ಕುಟುಂಬಗಳಲ್ಲಿಯೂ ಇದೇ ಮಾತು. ಚಿಕ್ಕ ಮಾತಾದರೂ ಅದರಲ್ಲಿ ಒಂದು ಕರ್ತವ್ಯದ ಅಂಗೀಕಾರವಿದೆ. ಹೋಗುವವನು ಬರಿದೇ ನೋಡಿ ಬರಲು ಹೋಗುವುದಿಲ್ಲ. ಹೆಗಲು ಕೊಡುವುದಕ್ಕೆ, ಒಂದು ಹಿಡಿ ಮಣ್ಣು ಹಾಕುವುದಕ್ಕೆ ಹೋಗುತ್ತಾನೆ. ಮದುವೆಗೆ ಆಮಂತ್ರಣ ಬೇಕು, ಮಣ್ಣಿಗೆ ಸುದ್ದಿ ಸಾಕು. ಕುಣಿ ತೋಡುವವರು, ವಿಮಾನ ಕಟ್ಟುವವರು, ರಾತ್ರಿಯಿಡೀ ಭಜನೆ ಹಾಡುತ್ತ ಹೆಣ ಕಾಯುವವರು, ಸತ್ತವರ ಮನೆಯಲ್ಲಿ ಒಲೆ ಹೊತ್ತಿಲ್ಲವೆಂದು ನೆರೆಮನೆಯಿಂದ ರೊಟ್ಟಿ ಪಲ್ಲೆ ತರುವವರು – ಹೀಗೆ ಒಂದು ಸಾವು ಇಡೀ ಓಣಿಗೆ ಕೆಲಸ ಹಚ್ಚುತ್ತದೆ.

ಇದೇ ನಾವು ಸಂಜೆ ಟೀವಿಯ ಮುಂದೆ ಕುಳಿತಾಗ ಕಾಣುವ ಸಾವು ಬೇರೆ ಬಗೆಯದು. ನಾಯಕನ ಒಂದೇ ಹೊಡೆತಕ್ಕೆ ಹತ್ತು ಜನ ಉರುಳುತ್ತಾರೆ, ಬಂದೂಕಿನ ಸದ್ದಿಗೆ ಇಪ್ಪತ್ತು ಜನ. ಅವರಿಗೆ ಹೆಸರಿಲ್ಲ, ತಾಯಿಯಿಲ್ಲ, ಊರಿಲ್ಲ. ಮರುಗಳಿಗೆಯಲ್ಲಿ ಹಾಡು ಬರುತ್ತದೆ. ನೆಲದ ಮೇಲೆ ಬಿದ್ದ ಆ ದೇಹಗಳನ್ನು ಯಾರು ಎತ್ತಿದರು, ಎಲ್ಲಿ ಹೂಳಿದರು ಎಂಬುದನ್ನು ಚಿತ್ರವೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಸಾವನ್ನು ದಿನವೂ ನೋಡುತ್ತ ಸಾವಿನ ಬಗೆಗೆ ಏನೂ ತಿಳಿಯದವರಾಗುವ ವಿಚಿತ್ರ ಅಭ್ಯಾಸ ನಮಗೆ ಅಂಟಿಕೊಂಡಿದೆ.

ಆದುದರಿಂದ ಮೃತರನ್ನು ಸ್ಮರಿಸುವ ನವೆಂಬರ್ ತಿಂಗಳಲ್ಲಾದರೂ ಬೇರೆ ಬಗೆಯ ಕೆಲವು ಚಿತ್ರಗಳನ್ನು ನೋಡಬಾರದೇಕೆ ಎಂಬುದು ಈ ಲೇಖನದ ಸೂಚನೆ. ಇವುಗಳಲ್ಲಿ ಹೆಚ್ಚಿನವು ಹಳೆಯವು. ಪ್ರಶಸ್ತಿ ಪಡೆದು ಹೆಸರಾದರೂ ನಮ್ಮ ತಾಲೂಕಿನ ಟಾಕೀಸುಗಳಲ್ಲಿ ವಾರಗಟ್ಟಲೆ ಓಡಿದವಲ್ಲ. ಇವನ್ನು ಅಳೆಯಲು ದೊಡ್ಡ ಸಿದ್ಧಾಂತವೇನೂ ಬೇಕಿಲ್ಲ. ನಮ್ಮ ಊರಿನ ಮಾತೇ ನಮಗೆ ಅಳತೆಗೋಲು ಕೊಡುತ್ತದೆ: ಈ ಚಿತ್ರದಲ್ಲಿ ಸತ್ತವರನ್ನು ಹೊರುವ ಹೆಗಲು ಯಾರದು? ಸಾವನ್ನು ಕುರಿತ ಒಳ್ಳೆಯ ಚಿತ್ರ ಸಾಯುವವನಿಗಿಂತ ಹೆಚ್ಚಾಗಿ ಉಳಿದವರನ್ನು ಪರೀಕ್ಷಿಸುತ್ತದೆ ಎಂಬುದು ನನ್ನ ತಿಳಿವಳಿಕೆ.

ಅಗ್ರಹಾರದ ನಡುವೆ ಒಂದು ಶವ

ಈ ಪ್ರಶ್ನೆಯನ್ನು ಕನ್ನಡದಲ್ಲಿ ಅತ್ಯಂತ ನೇರವಾಗಿ ಎತ್ತಿದ ಚಿತ್ರ 1970ರ ‘ಸಂಸ್ಕಾರ’. ಯು.ಆರ್. ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು ತೆರೆಗೆ ತಂದರು. ಮಲೆನಾಡಿನ ಒಂದು ಅಗ್ರಹಾರದಲ್ಲಿ ಆಚಾರಗಳನ್ನೆಲ್ಲ ಧಿಕ್ಕರಿಸಿ ಬಾಳಿದ ನಾರಣಪ್ಪ ಪ್ಲೇಗಿನಿಂದ ಸಾಯುತ್ತಾನೆ. ಅವನ ಶವಸಂಸ್ಕಾರವಾಗುವ ತನಕ ಉಳಿದವರು ಊಟ ಮಾಡುವಂತಿಲ್ಲ. ಆದರೆ ಅವನ ಚಿತೆಗೆ ಬೆಂಕಿಯಿಟ್ಟು ಮೈಲಿಗೆ ಹೊತ್ತುಕೊಳ್ಳಲು ಯಾರೂ ಸಿದ್ಧರಿಲ್ಲ. ಅವನೊಡನೆ ಬಾಳಿದ ಚಂದ್ರಿ ತನ್ನ ಚಿನ್ನವನ್ನು ಮುಂದಿಟ್ಟಾಗ ಮಾತ್ರ ಕೆಲವರ ಮನಸ್ಸು ಬದಲಾಗುತ್ತದೆ. ವಿದ್ವಾಂಸರಾದ ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕುತ್ತಾರೆ, ದೇವರ ಮುಂದೆ ಕಾಯುತ್ತಾರೆ. ಉತ್ತರ ಬರುವುದಿಲ್ಲ. ಶವ ಮಾತ್ರ ಕೊಳೆಯತೊಡಗುತ್ತದೆ.

ಕೊನೆಗೆ ಆ ಶವವನ್ನು ಸಾಗಿಸಿದವರು ಯಾರು? ಯಾವ ಶಾಸ್ತ್ರವನ್ನೂ ಓದದ ಚಂದ್ರಿ, ಒಬ್ಬ ಮುಸ್ಲಿಂ ವರ್ತಕನ ನೆರವು ಪಡೆದು, ರಾತ್ರಿಯಲ್ಲಿ ಯಾರಿಗೂ ತಿಳಿಯದಂತೆ ಅದನ್ನು ದಹಿಸುತ್ತಾಳೆ. ಇಡೀ ಅಗ್ರಹಾರ ಚರ್ಚಿಸಿದ್ದನ್ನು ಇಬ್ಬರು ಸಾಮಾನ್ಯರು ಮಾಡಿ ಮುಗಿಸುತ್ತಾರೆ. ಚರ್ಚೆ ನಡೆಸಿದವರಿಗೆ ಅದು ಗೊತ್ತೂ ಇರುವುದಿಲ್ಲ.

ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯ, ಪಿ. ಲಂಕೇಶರ ನಾರಣಪ್ಪ, ಆಸ್ಟ್ರೇಲಿಯಾದ ಟಾಮ್ ಕೋವನ್ ಸೆರೆಹಿಡಿದ ಕಪ್ಪುಬಿಳುಪಿನ ಮಲೆನಾಡು – ಇವೆಲ್ಲ ಈಗ ಇತಿಹಾಸದ ಭಾಗ. ಚಿತ್ರವನ್ನು ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ನಿಷೇಧಿಸಿತ್ತು. ಆಮೇಲೆ ಅದು ಬಿಡುಗಡೆಯಾಗಿ ಆ ವರ್ಷದ ದೇಶದ ಅತ್ಯುತ್ತಮ ಚಿತ್ರವೆಂಬ ಮನ್ನಣೆ ಪಡೆಯಿತು. ಚಂದ್ರಿಯ ಪಾತ್ರ ವಹಿಸಿದ ಸ್ನೇಹಲತಾ ರೆಡ್ಡಿಯವರ ಕಥೆ ಚಿತ್ರದ ಹೊರಗೂ ಮುಂದುವರಿಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ ಅವರನ್ನು ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಆಸ್ತಮಾದಿಂದ ನರಳುತ್ತಿದ್ದ ಅವರು 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇದನ್ನು ತಿಳಿದು ಚಿತ್ರ ನೋಡುವವರಿಗೆ ಚಂದ್ರಿಯ ಮೌನ ಇನ್ನಷ್ಟು ಭಾರವೆನಿಸುತ್ತದೆ.

ಮೆಚ್ಚುಗೆಯ ಜೊತೆಗೆ ಒಂದು ಆಕ್ಷೇಪವನ್ನೂ ಹೇಳಬೇಕು. ಶವವನ್ನು ಸಂಸ್ಕಾರ ಮಾಡಿದ ಹೆಣ್ಣನ್ನು ಕಥೆ ಬೇಗನೆ ಕೈಬಿಡುತ್ತದೆ. ಮುಂದಿನ ಭಾಗವೆಲ್ಲ ಆಚಾರ್ಯರ ಅಂತರಂಗದ ತೊಳಲಾಟ. ಕೆಲಸ ಮಾಡಿದವಳಿಗಿಂತ ಚಿಂತಿಸಿದವನಿಗೇ ಹೆಚ್ಚು ಜಾಗ ದೊರೆಯಿತು. ನಮ್ಮ ಊರುಗಳಲ್ಲಿಯೂ ಸಾವಿನ ಮನೆಯಲ್ಲಿ ದುಡಿದು ಬೆನ್ನು ಬಾಗಿಸಿದ ಹೆಂಗಸರ ಹೆಸರನ್ನು ಭಾಷಣದಲ್ಲಿ ಯಾರೂ ಹೇಳುವುದಿಲ್ಲವಷ್ಟೆ!

ಐವತ್ತು ವರ್ಷಗಳ ಹಿಂದಿನ ಅಗ್ರಹಾರದ ಕಥೆ ನಮಗೇಕೆ ಎಂದು ನೀವು ಕೇಳಬಹುದು. 2020 ಮತ್ತು 2021ರ ಕೊರೊನಾ ಕಾಲವನ್ನು ನೆನೆಯಿರಿ. ಹೆತ್ತವರ ಹೆಣದ ಬಳಿಗೆ ಹೋಗಲು ಮಕ್ಕಳು ಅಂಜಿದರು. ಎಷ್ಟೋ ಕಡೆ ಜಾತಿ ಮತ ನೋಡದ ಅಪರಿಚಿತ ಸ್ವಯಂಸೇವಕರು ಬಂದು ಶವಗಳನ್ನು ಮಣ್ಣು ಮಾಡಿದರು. ಪ್ಲೇಗಿನ ಭಯದ ನಡುವೆ ಚಂದ್ರಿ ಮಾಡಿದ ಕೆಲಸವೂ ಇದೇ ಅಲ್ಲವೇ?

ಇದರ ಪಕ್ಕದಲ್ಲಿ ಜನಪ್ರಿಯ ಚಿತ್ರವೊಂದನ್ನು ಇಟ್ಟು ನೋಡಬಹುದು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಆಧರಿಸಿ ಸಿದ್ಧಲಿಂಗಯ್ಯನವರು 1974ರಲ್ಲಿ ನಿರ್ದೇಶಿಸಿದ ‘ಭೂತಯ್ಯನ ಮಗ ಅಯ್ಯು’ ಚಿತ್ರವನ್ನು ಹಿರಿಯರು ಮರೆತಿರಲಾರರು. ಊರನ್ನೇ ಹಿಂಡಿ ಹಿಪ್ಪೆ ಮಾಡಿದ ಭೂತಯ್ಯ ಸತ್ತಾಗ ಹೆಣ ಎತ್ತಲು ಊರಿನವರು ಬರುವುದಿಲ್ಲ. ಅಲ್ಲಿ ಅಡ್ಡ ಬಂದದ್ದು ಶಾಸ್ತ್ರ, ಇಲ್ಲಿ ಅಡ್ಡ ಬಂದದ್ದು ಸೇಡು. ತಂದೆಯ ಹೆಣದ ಮುಂದೆ ಒಬ್ಬನೇ ನಿಂತ ಅಯ್ಯುವಿಗೆ ತಾನು ಯಾವ ಬಗೆಯ ಆಸ್ತಿಗೆ ವಾರಸುದಾರನಾಗಿದ್ದೇನೆ ಎಂಬುದು ತಿಳಿಯುತ್ತದೆ. ಹಾಡು, ಹೊಡೆದಾಟ, ಪ್ರವಾಹ ಎಲ್ಲವೂ ಇರುವ ಆ ಚಿತ್ರದ ಬೇರು ಈ ಒಂದು ದೃಶ್ಯದಲ್ಲಿದೆ.

ಬದುಕಿರುವಾಗಲೇ ಸತ್ತವರು

ಹೆಣವೇ ಇಲ್ಲದ ಶವಸಂಸ್ಕಾರವೂ ಉಂಟು. ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ ‘ಘಟಶ್ರಾದ್ಧ’ (1977) ಅದನ್ನು ಕುರಿತದ್ದು. ಇದಕ್ಕೂ ಅನಂತಮೂರ್ತಿಯವರ ಕಥೆಯೇ ಆಧಾರ. ವೇದಪಾಠಶಾಲೆ ನಡೆಸುವ ಉಡುಪರ ಮಗಳು ಯಮುನಾ ಎಳೆಯ ವಿಧವೆ. ಶಾಲೆಯ ಮಾಸ್ತರನೊಬ್ಬನಿಂದ ಗರ್ಭಿಣಿಯಾಗುತ್ತಾಳೆ, ಅವನು ಜಾರಿಕೊಳ್ಳುತ್ತಾನೆ. ಊರು ಅವಳನ್ನು ಹೊರಗೆ ಹಾಕುತ್ತದೆ. ತಂದೆ ಗಡಿಗೆ ಒಡೆದು, ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಕೈ ತೊಳೆದುಕೊಳ್ಳುತ್ತಾನೆ. ಇನ್ನು ಅವಳು ಎದುರಿಗೆ ಬಂದರೂ ಸತ್ತವಳೇ.

ಇದನ್ನೆಲ್ಲ ನಾವು ನೋಡುವುದು ಪಾಠಶಾಲೆಗೆ ಹೊಸದಾಗಿ ಬಂದ ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ. ದೊಡ್ಡವರೆಲ್ಲ ಅವಳಿಂದ ದೂರ ಸರಿದಾಗಲೂ ಅವನು ಅವಳ ಹತ್ತಿರ ಇರುತ್ತಾನೆ. ಪಾಪ, ಮೈಲಿಗೆ, ಬಹಿಷ್ಕಾರ ಎಂಬ ಮಾತುಗಳು ಅವನಿಗೆ ಇನ್ನೂ ಅರ್ಥವಾಗಿಲ್ಲ. ಯಮುನಕ್ಕ ಮಾತ್ರ ಅರ್ಥವಾಗಿದ್ದಾಳೆ. ಆದರೆ ಅವನ ಹೆಗಲು ಬಹಳ ಚಿಕ್ಕದು. ಕೊನೆಯಲ್ಲಿ ಅವನನ್ನು ಮನೆಗೆ ಕರೆದೊಯ್ಯುತ್ತಾರೆ. ತಲೆ ಬೋಳಿಸಿದ ಯಮುನಾ ಒಬ್ಬಳೇ ಉಳಿಯುತ್ತಾಳೆ. ಹಿರಿಯರಲ್ಲಿ ಒಬ್ಬರಾದರೂ ಹೆಗಲು ಕೊಟ್ಟಿದ್ದರೆ ಎಂಬ ಮಾತು ನಮ್ಮ ಬಾಯಿಗೆ ಬರುತ್ತದೆ. ಚಿತ್ರ ಅದನ್ನು ತಾನಾಗಿ ಹೇಳುವುದಿಲ್ಲ. ಅದೇ ಅದರ ಸಂಯಮ. ಸುಮಾರು ಅರ್ಧ ಶತಮಾನದ ಬಳಿಕ ಈ ಚಿತ್ರವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು ಎಂಬುದು ಸಂತೋಷದ ಸಂಗತಿ.

ಗಡಿಗೆಯ ಕಾಲ ಮುಗಿದರೂ ಬದುಕಿದವರನ್ನು ಸಾಯಿಸುವ ಉಪಾಯಗಳು ಮುಗಿಯಲಿಲ್ಲ. ರಾಮ್ ರೆಡ್ಡಿಯವರ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು 2016ರಲ್ಲಿ ನಮ್ಮಲ್ಲಿ ಬಿಡುಗಡೆಯಾಯಿತು. ಮಂಡ್ಯ ಸೀಮೆಯ ಹಳ್ಳಿಯಲ್ಲಿ 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯ ತನಕ, ಎಂದರೆ ನಮ್ಮ ಕಡೆ ದಿನಕರ್ಮ ಎನ್ನುವ ಕಾರ್ಯದ ತನಕ, ಮನೆಯವರು ಏನು ಮಾಡಿದರು ಎಂಬುದೇ ಕಥೆ. ಮೊಮ್ಮಗ ತಮ್ಮಣ್ಣನಿಗೆ ಜಮೀನಿನ ಚಿಂತೆ. ಜಮೀನು ಮಾರಬೇಕಾದರೆ ತನ್ನ ತಂದೆ ಗಡ್ಡಪ್ಪನ ಹಕ್ಕು ಅಡ್ಡ ಬರುತ್ತದೆ. ಅಲೆಮಾರಿ ಗಡ್ಡಪ್ಪನಿಗೆ ಆಸ್ತಿಯ ಗೊಡವೆಯೇ ಇಲ್ಲ. ಹಾಗಾಗಿ ಬದುಕಿರುವ ಗಡ್ಡಪ್ಪನನ್ನು ಕಾಗದದ ಮೇಲೆ ಸಾಯಿಸುವ ಏರ್ಪಾಟು ನಡೆಯುತ್ತದೆ. ಉಡುಪರು ಗಡಿಗೆಯಿಂದ ಮಾಡಿದ್ದನ್ನು ತಮ್ಮಣ್ಣ ಮರಣ ಪ್ರಮಾಣಪತ್ರದಿಂದ ಮಾಡುತ್ತಾನೆ.

ವೃತ್ತಿನಟರಲ್ಲದ ಹಳ್ಳಿಗರೇ ನಟಿಸಿದ ಈ ಚಿತ್ರ ನಮ್ಮನ್ನು ಬಹಳ ನಗಿಸುತ್ತದೆ. ಹಳ್ಳಿಯ ಜನರನ್ನು ನೋಡಿ ನಗುತ್ತಿದ್ದೇವೆಯೋ ಅವರ ಜೊತೆಗೆ ನಗುತ್ತಿದ್ದೇವೆಯೋ ಎಂದು ಒಮ್ಮೊಮ್ಮೆ ಅನುಮಾನ ಬರುವುದುಂಟು. ಆದರೆ ನಗು ಇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ವೃದ್ಧರಾದ ತಂದೆತಾಯಿಗಳ ಹೆಬ್ಬೆಟ್ಟಿಗಾಗಿ ಮಾತ್ರ ಊರಿಗೆ ಬರುವ ಮಕ್ಕಳು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೇ? ವರುಷಕ್ಕೊಮ್ಮೆಯೂ ಮಾತನಾಡಿಸದ ಅಕ್ಕ, ಅಣ್ಣ, ಚಿಗವ್ವ, ಕಾಕಾ ನಮ್ಮ ಪಾಲಿಗೆ ಸತ್ತವರಲ್ಲದೆ ಇನ್ನೇನು?

ನಮ್ಮ ಹೆಸರಿನವರೂ ಇದ್ದರು

ಅಗ್ರಹಾರದ ಕಥೆಗಳನ್ನು ನೋಡುವಾಗ ‘ಅದು ಅವರ ಸಮಾಚಾರ’ ಎಂದು ಹಾಯಾಗಿರುವುದು ನಮಗೆ ಸುಲಭ. ಶಿವರಾಮ ಕಾರಂತರ ಕಾದಂಬರಿಯನ್ನು ಬಿ.ವಿ. ಕಾರಂತರು ತೆರೆಗೆ ತಂದ ‘ಚೋಮನ ದುಡಿ’ (1975) ಆ ಹಾಯನ್ನು ಕಸಿದುಕೊಳ್ಳುತ್ತದೆ. ಈ ಚಿತ್ರವೂ ಆ ವರ್ಷದ ದೇಶದ ಅತ್ಯುತ್ತಮ ಚಿತ್ರವಾಯಿತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರು ಅತ್ಯುತ್ತಮ ನಟರಾದರು.

ದಲಿತನಾದ ಚೋಮನಿಗೆ ಒಂದು ತುಂಡು ನೆಲವನ್ನು ಸ್ವಂತವಾಗಿ ಉಳಬೇಕೆಂಬ ಆಸೆ. ಅದು ಸಿಗುವುದಿಲ್ಲ, ಸಿಗುವುದು ಸಾವುಗಳ ಸಾಲು. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಒಬ್ಬ ಮಗ ಜ್ವರದಿಂದ ಸಾಯುತ್ತಾನೆ. ಕಿರಿಯ ಮಗ ನೀಲ ನೀರಿನಲ್ಲಿ ಮುಳುಗುತ್ತಾನೆ. ದಡದಲ್ಲಿ ಜನರಿದ್ದಾರೆ, ಈಜು ಬಲ್ಲವರಿದ್ದಾರೆ. ಆದರೆ ಮುಟ್ಟಬಾರದ ಜಾತಿಯ ಹುಡುಗನನ್ನು ಮುಟ್ಟಿ ಎತ್ತುವವರು ಯಾರು? ಬದುಕಿಸಲು ಚಾಚದ ಕೈ ಹೆಣ ಹೊರಲು ಬಂದೀತೆ? ಕನ್ನಡ ಚಿತ್ರಗಳಲ್ಲಿ ನಾನು ಕಂಡ ಅತ್ಯಂತ ಘೋರವಾದ ಸಾವು ಇದು. ಇಲ್ಲಿ ಕೊಂದವನು ಎಂದು ಬೆರಳು ತೋರಿಸಬಹುದಾದ ಒಬ್ಬನೂ ಇಲ್ಲ. ಸುಮ್ಮನೆ ನಿಂತವರಿದ್ದಾರೆ, ಅಷ್ಟೆ.

ಚೋಮನಿಗೆ ಆಗ ಕ್ರೈಸ್ತನಾಗುವ ಯೋಚನೆ ಬರುತ್ತದೆ. ಕ್ರೈಸ್ತನಾದರೆ ಭೂಮಿ ಸಿಕ್ಕೀತು, ಮನುಷ್ಯನೆಂಬ ಮರ್ಯಾದೆ ಸಿಕ್ಕೀತು. ಹೊರಟವನನ್ನು ಅವನ ದೈವ ಪಂಜುರ್ಲಿಯ ಸೆಳೆತ ಹಿಂದಕ್ಕೆ ತರುತ್ತದೆ. ಈ ತಿರುವನ್ನು ಕುರಿತು ನಾವು ವಾದ ಮಾಡಬಹುದು. ಆದರೆ ವಾದಕ್ಕೆ ಮೊದಲು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅದೇ ಕಾಫಿ ತೋಟದಲ್ಲಿ ಚೋಮನ ಮಗಳು ಬೆಳ್ಳಿಯ ಬಡತನವನ್ನು ದುರುಪಯೋಗ ಮಾಡಿಕೊಳ್ಳುವವರು ಕ್ರೈಸ್ತ ಹೆಸರಿನವರು. ಅವರಲ್ಲಿ ಒಬ್ಬನ ಹೆಸರು ಮನ್ವೇಲ. ಅದು ಇಮ್ಮಾನುವೇಲ ಎಂಬುದರ ಆಡುನುಡಿ. ದೇವರು ನಮ್ಮೊಡನೆ ಇದ್ದಾನೆ ಎಂಬುದು ಅದರ ಅರ್ಥ. ಕಾರಂತರು ಆ ಹೆಸರನ್ನು ಬೇಕೆಂದೇ ಇಟ್ಟರೋ ಇಲ್ಲವೋ, ಓದುವ ನಮಗೆ ಅದು ಚುಚ್ಚಬೇಕು. ಇಂಥ ಹೆಸರು ಹೊತ್ತವರನ್ನು ಕಂಡ ಚೋಮನಿಗೆ ನಾವು ಯಾವ ಸುವಾರ್ತೆಯನ್ನು ಹೇಳಿದಂತಾಯಿತು?

ಎಲ್ಲವನ್ನೂ ಕಳೆದುಕೊಂಡ ಚೋಮ ಮನೆಯೊಳಗೆ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತ ಸಾಯುತ್ತಾನೆ. ಅವನನ್ನು ಹೊರುವವರು ಇಲ್ಲ. ಅವನ ಪಾಲಿನ ಮರಣಗಂಟೆಯನ್ನೂ ಅವನೇ ಬಾರಿಸಿಕೊಂಡ ಹಾಗಾಯಿತು.

ತಡವಾಗಿ ಬಂದ ಹಣ, ಏರಿ ಬಂದ ನೀರು

ಮುಂದಿನ ಎರಡು ಚಿತ್ರಗಳಲ್ಲಿ ಸಾವು ಬರುವುದು ಕಚೇರಿಯ ದಾರಿಯಿಂದ. ಎರಡೂ ಕಾಸರವಳ್ಳಿಯವರವೇ. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ‘ತಬರನ ಕಥೆ’ 1986ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ತಬರನಾದ ಚಾರುಹಾಸನ್ ಅತ್ಯುತ್ತಮ ನಟರಾದರು. ಸರ್ಕಾರಿ ಜವಾನನಾಗಿ ನಿಷ್ಠೆಯಿಂದ ದುಡಿದ ತಬರಶೆಟ್ಟಿ ನಿವೃತ್ತನಾದ ಮೇಲೆ ಪಿಂಚಣಿಗಾಗಿ ಮೇಜಿನಿಂದ ಮೇಜಿಗೆ ಅಲೆಯುತ್ತಾನೆ. ಹೆಂಡತಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಕೊಳೆಯುತ್ತಿದೆ. ಚಿಕಿತ್ಸೆಗೆ ಹಣ ಬೇಕು. ಅವಳು ಸತ್ತ ಮೇಲೆ ಹಣ ಮಂಜೂರಾಗುತ್ತದೆ. ಕಡತವನ್ನು ತಡೆದ ಯಾವ ಗುಮಾಸ್ತನೂ ದುಷ್ಟನಲ್ಲ. ಪ್ರತಿಯೊಬ್ಬನೂ ‘ನಾಳೆ ಬಾ’ ಎಂದನಷ್ಟೆ. ಅವರ ನಾಳೆಗಳೆಲ್ಲ ಕೂಡಿ ಅವಳ ಸಾವಾಯಿತು. ನಮ್ಮಲ್ಲಿ ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ ಕುರ್ಚಿಯ ಮೇಲೆ ಕುಳಿತವರು ಬಹಳ ಮಂದಿ ಇದ್ದಾರೆ. ಅವರು ಈ ಚಿತ್ರವನ್ನು ತಪ್ಪದೆ ನೋಡಬೇಕು.

ಇನ್ನೊಂದು, 2002ರಲ್ಲಿ ಬಂದ ‘ದ್ವೀಪ’. ಇದರ ಮೂಲ ಕಾದಂಬರಿಕಾರರು ನಮ್ಮವರೇ ಆದ ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದು, ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳ ದುಃಖವನ್ನು ಹತ್ತಿರದಿಂದ ಕಂಡವರು. 2014ರಲ್ಲಿ ಮಡಿಕೇರಿಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ಅವರು 2025ರ ಜನವರಿಯಲ್ಲಿ ನಿಧನರಾದರು. ಅವರ ಕಥೆಯಲ್ಲಿ ಸಾಯುವುದು ಮನುಷ್ಯರಷ್ಟೇ ಅಲ್ಲ, ಒಂದು ಊರು. ನೀರು ಏರುತ್ತಿದ್ದಂತೆ ಗುಡ್ಡ ದ್ವೀಪವಾಗುತ್ತದೆ. ನೆರೆಯವರು ಪರಿಹಾರ ಪಡೆದು ಹೊರಡುತ್ತಾರೆ. ಆ ಮಣ್ಣನ್ನು ಬಿಟ್ಟು ಬಾಳಲಾರದ ಹಿರಿಯ ದುಗ್ಗಜ್ಜ ಅಲ್ಲಿಯೇ ಕೊನೆಯಾಗುತ್ತಾನೆ. ಸೊಸೆ ನಾಗಿಯಾಗಿ ಸೌಂದರ್ಯ ಅವರು ಮಳೆಯಲ್ಲಿ ನಿಂತು ಮನೆಯನ್ನು ಕಾಯುವ ರೀತಿಯನ್ನು ನೋಡಿಯೇ ತಿಳಿಯಬೇಕು.

ಸವದತ್ತಿಯ ಕಡೆಯವರಿಗೆ ಈ ನೀರು ಅಪರಿಚಿತವಲ್ಲ. ನವಿಲುತೀರ್ಥದ ಬಳಿ ಮಲಪ್ರಭೆಯನ್ನು ತಡೆದು ರೇಣುಕಾಸಾಗರ ನಿರ್ಮಿಸಿದಾಗ ನಮ್ಮಲ್ಲಿಯೂ ಹೊಲ ಮನೆಗಳು ಮುಳುಗಿದವು. ಆ ನೀರು ಎಷ್ಟೋ ಹೊಲಗಳಿಗೆ ಜೀವ ಕೊಟ್ಟಿತೆಂಬುದು ನಿಜ. ಆದರೆ ಮುಳುಗಿದ ನೆಲದಲ್ಲಿ ಹಿರಿಯರ ಗೋರಿಗಳೂ ಇರುತ್ತವೆ. ಗೋರಿಯೇ ನೀರುಪಾಲಾದ ಮೇಲೆ ಹೂವು ಇಡುವುದು ಎಲ್ಲಿ? ಊರಿನ ಸಾವಿಗೆ ಮಣ್ಣು ಹಾಕುವವರು ಯಾರು? ‘ದ್ವೀಪ’ವನ್ನು ನೋಡುವಾಗ ಈ ಮಾತನ್ನು ಮನೆಯ ಅಜ್ಜ ಅಜ್ಜಿಯರೊಡನೆ ಆಡಿ ನೋಡಿ, ಯಾವ ಪುಸ್ತಕದಲ್ಲಿಯೂ ಇಲ್ಲದ ಸಂಗತಿಗಳು ಹೊರಬಂದಾವು.

ಒಂದು ಉದ್ಯಾನ, ಒಂದು ಮರಣಶಾಸನ

ಕಚೇರಿಯ ಸಾವಿನ ಇನ್ನೊಂದು ಮುಖವನ್ನು ನೋಡಲು ಜಪಾನಿಗೆ ಹೋಗಬೇಕು. ಅಕಿರಾ ಕುರೊಸಾವಾ ಅವರ ‘ಇಕಿರು’ (1952) ಎಂಬ ಚಿತ್ರದ ಹೆಸರಿಗೆ ‘ಬದುಕುವುದು’ ಎಂದರ್ಥ. ವಟನಾಬೆ ಎಂಬ ನಗರಸಭೆಯ ಅಧಿಕಾರಿ ಮೂವತ್ತು ವರ್ಷ ಕಾಗದಗಳಿಗೆ ಮೊಹರು ಒತ್ತುತ್ತ ಕಳೆದವನು. ತಬರನಿಗೆ ‘ನಾಳೆ ಬಾ’ ಎಂದವರ ಜಾತಿಯವನು. ಹೊಟ್ಟೆಯ ಕ್ಯಾನ್ಸರಿನಿಂದ ತಾನು ಬೇಗನೆ ಸಾಯುತ್ತೇನೆಂದು ತಿಳಿದಾಗ ಮೊದಲು ಕುಡಿದು ಅಲೆಯುತ್ತಾನೆ. ಆಮೇಲೆ ಬಡ ತಾಯಂದಿರು ಎಷ್ಟೋ ದಿನಗಳಿಂದ ಕೇಳುತ್ತಿದ್ದ ಒಂದು ಕೆಲಸ ಅವನ ನೆನಪಿಗೆ ಬರುತ್ತದೆ: ಕೊಚ್ಚೆ ನಿಂತ ಜಾಗದಲ್ಲಿ ಮಕ್ಕಳಿಗೊಂದು ಉದ್ಯಾನ. ಉಳಿದ ತಿಂಗಳುಗಳನ್ನು ಅದಕ್ಕಾಗಿ ಸವೆಸುತ್ತಾನೆ.

ಚಿತ್ರದ ವಿಶೇಷವಿರುವುದು ಅವನ ಸಾವಿನ ನಂತರ. ಶ್ರದ್ಧಾಂಜಲಿಗೆ ಕೂಡಿದ ಸಹೋದ್ಯೋಗಿಗಳು ಕುಡಿಯುತ್ತ, ಉದ್ಯಾನದ ಕೀರ್ತಿ ಯಾರದೆಂದು ವಾದಿಸುತ್ತ, ಕೊನೆಗೆ ಅತ್ತು, ‘ನಾವೂ ಅವನಂತೆ ಆಗೋಣ’ ಎಂದು ಆಣೆ ಮಾಡುತ್ತಾರೆ. ಮರುದಿನ ಕಚೇರಿಯಲ್ಲಿ ಎಲ್ಲವೂ ಮೊದಲಿನಂತೆಯೇ. ಮಣ್ಣಿಗೆ ಹೋಗಿ ಬಂದ ಸಂಜೆ ನಾವು ಮಾಡುವ ಸಂಕಲ್ಪಗಳ ಆಯುಷ್ಯ ಎಷ್ಟೆಂಬುದನ್ನು ಕುರೊಸಾವಾ ಬಲ್ಲರು.

ಇದನ್ನು ನೋಡುವ ಸಿರಸಂಗಿಯವರಿಗೆ ಇನ್ನೊಬ್ಬರ ನೆನಪಾಗಬೇಕು. ಸಿರಸಂಗಿಯ ದೇಸಾಯಿ ಲಿಂಗರಾಜರು (1861–1906) ಮಕ್ಕಳಿಲ್ಲದವರು. ತಮ್ಮ ಆಸ್ತಿ ತಮ್ಮ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಸಲ್ಲಬೇಕೆಂದು ಅವರು ಮರಣಶಾಸನ ಬರೆದಿಟ್ಟರು. ಅವರ ನೆರವಿನಿಂದ ಓದಿದವರು ತಲೆತಲೆಮಾರುಗಳಲ್ಲಿ ಇದ್ದಾರೆ. ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಹೆಗಲು ಕೊಡುವ ಮಕ್ಕಳಿಲ್ಲದವರನ್ನು ಒಂದು ನೂರು ವರ್ಷಗಳಿಂದ ಸಾವಿರಾರು ಮಕ್ಕಳು ಹೊತ್ತಿದ್ದಾರೆ ಎಂದರೆ ಅತಿಶಯೋಕ್ತಿಯಲ್ಲ. ‘ಇಕಿರು’ ಚಿತ್ರದ ಸತ್ಯವನ್ನು ತಿಳಿಯಲು ಜಪಾನೀ ಭಾಷೆ ಬೇಕಿಲ್ಲ.

ಮಗುವಿನ ಕೈ

ಕೊನೆಯದಾಗಿ ಒಂದು ಕ್ರೈಸ್ತ ಚಿತ್ರ. ಡೆನ್ಮಾರ್ಕಿನ ಕಾರ್ಲ್ ಡ್ರೇಯರ್ ಅವರ ‘ಓರ್ಡೆಟ್’ (1955) – ಹೆಸರಿನ ಅರ್ಥ ‘ವಾಕ್ಯ’. 1995ರಲ್ಲಿ ಚಲನಚಿತ್ರ ಕಲೆಗೆ ನೂರು ತುಂಬಿದಾಗ ವ್ಯಾಟಿಕನ್ ಹೊರತಂದ 45 ಮಹತ್ವದ ಚಿತ್ರಗಳ ಪಟ್ಟಿಯಲ್ಲಿ ಇದೂ ಸೇರಿತ್ತು. ಮೂಲ ನಾಟಕವನ್ನು ಬರೆದ ಕಾಯ್ ಮುಂಕ್ ಒಬ್ಬ ಸಭಾಪಾಲಕರು. ನಾತ್ಸಿಗಳನ್ನು ಎದುರಿಸಿ ಮಾತನಾಡಿದ್ದಕ್ಕಾಗಿ 1944ರ ಜನವರಿಯಲ್ಲಿ ಕೊಲೆಯಾದರು.

ಒಂದು ರೈತ ಕುಟುಂಬ. ಎಲ್ಲರನ್ನೂ ಒಂದಾಗಿ ಹಿಡಿದಿಟ್ಟ ಸೊಸೆ ಇಂಗರ್ ಹೆರಿಗೆಯಲ್ಲಿ ಸಾಯುತ್ತಾಳೆ. ಮನೆಯ ಇನ್ನೊಬ್ಬ ಮಗ ಯೊಹಾನೆಸ್ ದೈವಶಾಸ್ತ್ರ ಓದಿ ಬುದ್ಧಿಭ್ರಮಣೆಗೊಂಡವನು. ಶವಪೆಟ್ಟಿಗೆಯ ಮುಂದೆ ಪಂಡಿತರಿದ್ದಾರೆ, ವೈದ್ಯರಿದ್ದಾರೆ, ಭಕ್ತರಿದ್ದಾರೆ. ಯಾರೂ ದೇವರನ್ನು ಏನನ್ನೂ ಕೇಳುವುದಿಲ್ಲ. ಸತ್ತವಳ ಪುಟ್ಟ ಮಗಳೊಬ್ಬಳು ಮಾತ್ರ ಯೊಹಾನೆಸನ ಕೈ ಹಿಡಿದು, ತಾಯಿಯನ್ನು ಬೇಗ ಎಬ್ಬಿಸು ಎನ್ನುತ್ತಾಳೆ. ಇಂಗರ್ ಏಳುತ್ತಾಳೆ.

ಅಗ್ಗದ ಚಿತ್ರದಲ್ಲಿ ಇದು ನಗೆಪಾಟಲಾಗುತ್ತಿತ್ತು. ಡ್ರೇಯರ್ ಅವಸರ ಮಾಡುವುದಿಲ್ಲ. ಆ ಮನೆಯವರ ದುಃಖವನ್ನು, ಧರ್ಮದ ಹೆಸರಿನಲ್ಲಿ ನೆರೆಯವರೊಡನೆ ನಡೆದ ಜಗಳವನ್ನು, ಹೆಣದ ಮುಂದೆ ಆ ಎರಡು ಮನೆಗಳು ಒಂದಾದುದನ್ನು ನಿಧಾನವಾಗಿ ತೋರಿಸಿದ ಮೇಲೆಯೇ ಪವಾಡಕ್ಕೆ ಕೈ ಹಾಕುತ್ತಾರೆ. ಪುನರುತ್ಥಾನದ ಮಾತನ್ನು ಸಾವಿನ ಮನೆಯಲ್ಲಿ ನಾವು ಬಹಳ ಬೇಗನೆ ಆಡಿಬಿಡುತ್ತೇವೆ. ‘ಅಳಬೇಡಿ, ಸ್ವರ್ಗದಲ್ಲಿದ್ದಾರೆ’ ಎಂದು ಹೇಳಿ ಚಹಾ ಕುಡಿದು ಹೊರಡುತ್ತೇವೆ. ಶವದ ಭಾರವನ್ನು ಹೊರದವರ ಬಾಯಲ್ಲಿ ಆ ಮಾತಿಗೆ ತೂಕವಿಲ್ಲ ಎಂಬುದನ್ನು ಈ ಚಿತ್ರ ಕಲಿಸುತ್ತದೆ. ಪ್ರಭುವಿನ ದೇಹವನ್ನು ಶಿಲುಬೆಯಿಂದ ಇಳಿಸಿ ಸಮಾಧಿ ಮಾಡಲು ಧೈರ್ಯ ತೋರಿದವರು ಅರಿಮತಾಯದ ಜೋಸೆಫ ಮತ್ತು ನಿಕೊದೇಮ. ಸುಗಂಧದ್ರವ್ಯ ಹಿಡಿದು ಬೆಳಗಿನ ಜಾವ ಸಮಾಧಿಗೆ ಹೋದವರು ಹೆಂಗಸರು. ಪುನರುತ್ಥಾನದ ಸುದ್ದಿ ಮೊದಲು ಸಿಕ್ಕಿದ್ದೂ ಆ ಹೆಂಗಸರಿಗೇ.

ನೋಡುವುದು ಹೇಗೆ?

ಮನೆಯಲ್ಲಿ ಕುಳಿತು ಸಾವಿನ ಚಿತ್ರ ನೋಡುವುದು ಅಪಶಕುನವಲ್ಲವೇ, ಮಕ್ಕಳ ಮನಸ್ಸಿಗೆ ಭಾರವಾಗದೇ ಎಂದು ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ‘ಸಂಸ್ಕಾರ’, ‘ಘಟಶ್ರಾದ್ಧ’, ‘ಚೋಮನ ದುಡಿ’ ಚಿಕ್ಕ ಮಕ್ಕಳಿಗೆ ತಕ್ಕವಲ್ಲ. ಕಾಲೇಜಿಗೆ ಹೋಗುವವರ ಜೊತೆ ನೋಡಬಹುದು. ‘ತಿಥಿ’ಯ ಭಾಷೆ ಒರಟಾದದ್ದು, ಹಿರಿಯರು ಮೊದಲು ನೋಡಿ ತೀರ್ಮಾನಿಸಲಿ. ‘ತಬರನ ಕಥೆ’ ಮತ್ತು ‘ದ್ವೀಪ’ಗಳನ್ನು ಹೈಸ್ಕೂಲಿನ ಮಕ್ಕಳೊಡನೆ ಕುಳಿತು ನೋಡಲು ಅಡ್ಡಿಯಿಲ್ಲ. ಭಾರವೆನಿಸುವುದು ಸಹಜ. ಆದರೆ ಹೆಸರಿಲ್ಲದ ನೂರು ಹೆಣಗಳನ್ನು ನೋಡಿಯೂ ಭಾರವೆನಿಸದಿರುವುದಕ್ಕೆ ಅಂಜಬೇಕಲ್ಲದೆ, ಒಂದು ಸಾವಿಗೆ ಅಳುವುದಕ್ಕೆ ಅಂಜಬೇಕಾಗಿಲ್ಲ.

ಇಂಥ ಚಿತ್ರಗಳು ನಿಧಾನವಾಗಿರುತ್ತವೆ. ಮೊದಲ ಅರ್ಧ ಗಂಟೆ ತಾಳ್ಮೆ ಬೇಡುತ್ತವೆ. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ತಿಂಗಳಿಗೆ ಒಂದೇ ಚಿತ್ರ ಸಾಕು. ಧರ್ಮಕೇಂದ್ರದ ಸಭಾಂಗಣದಲ್ಲಿ ನಾಲ್ಕಾರು ಕುಟುಂಬಗಳು ಕೂಡಿ ನೋಡಿದರೆ ಇನ್ನೂ ಒಳ್ಳೆಯದು. ಮುಗಿದ ಕೂಡಲೇ ಎದ್ದು ಹೋಗದೆ ಕಾಲು ಗಂಟೆ ಮಾತನಾಡಿ. ಪ್ರಶ್ನೆ ಒಂದೇ ಇರಲಿ: ಯಾರು ಹೊತ್ತರು, ಯಾರು ಹಿಂದೆ ಸರಿದರು, ನಾವಿದ್ದರೆ ಯಾರ ಜೊತೆ ನಿಲ್ಲುತ್ತಿದ್ದೆವು?

ಇಲ್ಲಿ ಹೆಸರಿಸಿದ ಕನ್ನಡ ಚಿತ್ರಗಳೆಲ್ಲ ಮಲೆನಾಡಿನವು, ಕರಾವಳಿಯವು, ಹಳೆ ಮೈಸೂರಿನವು. ರಾತ್ರಿಯಿಡೀ ತಾಳ ದಮ್ಮಡಿಯೊಡನೆ ಭಜನೆ ನಡೆದು, ಬೆಳಗ್ಗೆ ಹೂವಿನ ವಿಮಾನದಲ್ಲಿ ಅಜ್ಜನನ್ನು ಕೂರಿಸಿ ಕರೆದೊಯ್ಯುವ ನಮ್ಮ ಎರೆಹೊಲದ ಸೀಮೆಯ ಸಾವು ಇವುಗಳಲ್ಲಿ ಇಲ್ಲ. ಇಂದಿನ ಹುಡುಗರ ಕೈಯಲ್ಲಿ ಕ್ಯಾಮೆರಾ ಇದೆ. ಅವರು ಮಣ್ಣಿಗೆ ಹೋದಾಗ ಅದರಿಂದ ಫೋಟೊ ತೆಗೆದು ಎಲ್ಲರಿಗೂ ಕಳಿಸುತ್ತಾರೆ. ಆ ಕ್ಯಾಮೆರಾವನ್ನು ಸ್ವಲ್ಪ ಹೊತ್ತು ಜೇಬಿನಲ್ಲಿಟ್ಟು ಒಮ್ಮೆ ಹೆಗಲು ಕೊಟ್ಟು ನಡೆಯಲಿ. ಆ ಭಾರ ಗೊತ್ತಾದವರಲ್ಲಿ ಒಬ್ಬನು ಮುಂದೊಂದು ದಿನ ನಮ್ಮ ಸೀಮೆಯ ಸಾವಿನ ಚಿತ್ರವನ್ನು ತೆಗೆದಾನು.